ಸ್ಫಿಂಕ್ಸಿನ ಹೆಸರು ಹೊತ್ತ ಅಣು

ಜರ್ಮನಿಯಲ್ಲಿ ಜನಿಸಿ ಲಂಡನ್ನಿನಲ್ಲಿ ವೈದ್ಯವೃತ್ತಿಯನ್ನು ಕೈಗೊಂಡಿದ್ದ ಥುಡಿಕಮ್ ಎಂಬ ರಸಾಯನಜ್ಞನು, ಮೆದುಳಿನ ಘಟಕದ್ರವ್ಯಗಳನ್ನು ವರ್ಷಗಟ್ಟಲೆ ಪೃಥಕ್ಕರಿಸಿ 1884ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತನ್ನ ಪರೀಕ್ಷೆಗಳಿಗೆ ಸುಲಭವಾಗಿ ಗುಟ್ಟು ಬಿಟ್ಟುಕೊಡದಿದ್ದ ಒಂದು ವಸ್ತುವಿಗೆ, ಒಗಟನ್ನೊಡ್ಡಿ ದಾರಿಹೋಕರನ್ನು ತಡೆಯುತ್ತಿದ್ದ ಗ್ರೀಕ್ ಪುರಾಣದ ಸ್ಫಿಂಕ್ಸಿನ ನೆನಪಿನಿಂದ, ಸ್ಫಿಂಗೋಸೀನ್ ಎಂದು ನಾಮಕರಣ ಮಾಡಿದನು. ಹದಿನೆಂಟು ಇಂಗಾಲ ಪರಮಾಣುಗಳ ಬಾಲವುಳ್ಳ ಈ ಕಿರಿಯ ಲಿಪಿಡ್ (ಎಂದರೆ ಕೊಬ್ಬಿನ ವರ್ಗದ) ಅಣುವಿನ ಒಗಟಿನ ಒಂದು ಪಾದವನ್ನು ಬಿಡಿಸಲೂ ಒಂದು ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು. ಹಿಡಿದುದೇಕೆಂಬುದನ್ನು ತಿಳಿದರೆ, ಜೀವರಸಾಯನದ ಒಂದು ಹೊಸ ವಿಧಾನದ ಮಹತ್ವವೂ ತಿಳಿದಂತಾಗುವುದು.

ನಮ್ಮ ಆಡುಮಾತಿನಲ್ಲಿ ಕೊಬ್ಬೆಂಬ ಪದಕ್ಕೆ ಗೌರವವಿಲ್ಲ, ಸೊಕ್ಕಿದವನನ್ನು ಕೊಬ್ಬಿದವನೆನ್ನುವೆವು. ಶಾಸ್ತ್ರಜ್ಞರೂ ಬಹುಕಾಲ ಲಿಪಿಡ್‌ಗಳನ್ನು ದೇಹದ ಇಂಧನವೆಂದೋ, ಸುಮಾರು ಐದು ನ್ಯಾನೊಮೀಟರ್ ದಪ್ಪದ ಕೋಶಪೊರೆಯನ್ನು ಕಟ್ಟುವ ಇಟ್ಟಿಗೆಗಳೆಂದೋ ಎಣಿಸಿದ್ದರು. 1953ರಲ್ಲಿ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳುಹೋಳುಗಳಿಗೆ ನರಪ್ರಚೋದಕವಾದ ಅಸಿಟೈಲ್‌ಕೋಲೀನನ್ನು ಉಣಿಸಿ, ವಿಕಿರಣಶೀಲ ರಂಜಕವು ಪೊರೆಯ ಲಿಪಿಡ್‌ಗಳನ್ನು ಹಿಂದೆಂದಿಗಿಂತ ವೇಗವಾಗಿ ಸೇರುವುದನ್ನು ಕಂಡಾಗ, ಈ ಇಟ್ಟಿಗೆಗಳು ಹೊರಗಿನ ಕರೆಗೆ ಓಗೊಡುತ್ತವೆಂಬ ಸೂಚನೆ ದೊರೆಯಿತು. ಪೊರೆಯ ಒಂದು ಲಿಪಿಡ್ ಸೀಳಿದಾಗ ಹುಟ್ಟುವ ಎರಡು ತುಂಡುಗಳಲ್ಲಿ ಒಂದು ಜೀವಕೋಶದೊಳಗೆ ಕ್ಯಾಲ್ಸಿಯಮನ್ನು ಬಿಡುಗಡೆ ಮಾಡುವುದೆಂದು 1983ರಲ್ಲಿ ಬೆರಿಡ್ಜ್ ಮತ್ತು ಸಂಗಡಿಗರು ತೋರಿಸಿದರು. ಇನ್ನೊಂದು ತುಂಡು ಮುಖ್ಯವಾದೊಂದು ಕಿಣ್ವವನ್ನು ಎಚ್ಚರಿಸುವುದೆಂದು ಜಪಾನಿನ ನಿಶಿಜುಕ ಅದಕ್ಕೆ ಮೊದಲೇ ಕಂಡುಕೊಂಡಿದ್ದನು. ಹೀಗೆ ಕೊಬ್ಬು ಗೋಡೆ ಮಾತ್ರವಲ್ಲ, ದೂತನೂ ಹೌದೆಂಬುದು ಸಿದ್ಧವಾಯಿತು.

ಆದರೆ ಈ ದೂತನನ್ನು ಜೀವಂತ ಕೋಶದಲ್ಲಿ ಹಿಂಬಾಲಿಸುವುದು ಅತ್ಯಂತ ದುಸ್ತರವಾದ ಕಾರ್ಯ. ಪ್ರೋಟೀನಿನ ಚಲನವನ್ನು ಅರಿಯಬೇಕಾದರೆ ಅದರ ಜೀನಿಗೆ ಹೊಳೆಯುವ ಹಸುರು ಪ್ರೋಟೀನಿನ ಜೀನನ್ನು ಜೋಡಿಸಿದರೆ ಸಾಕು. ಲಿಪಿಡ್‌ಗಾದರೋ ತನ್ನದೆಂಬ ಜೀನಿಲ್ಲ. ಕಿಣ್ವಗಳು ಅದನ್ನು ಕಟ್ಟುತ್ತವೆ, ಕಿಣ್ವಗಳೇ ಅದನ್ನು ಮುರಿಯುತ್ತವೆ. ಮೇಲಾಗಿ ಆ ಹಸುರು ಪ್ರೋಟೀನು ಸ್ಫಿಂಗೋಸೀನಿನ ತೂಕದ ಸುಮಾರು ತೊಂಬತ್ತರಷ್ಟು ಭಾರವಾದುದು; ಅಂತಹ ಹೊರೆಯನ್ನು ಹೊರಿಸಿದರೆ ಅಣುವು ತನ್ನ ಸಹಜ ಗತಿಯನ್ನೇ ಕಳೆದುಕೊಳ್ಳುವುದು. ಹೊರಗಿನಿಂದ ಶುದ್ಧ ಸ್ಫಿಂಗೋಸೀನನ್ನೇ ಸುರಿದರೆ, ಅದು ಒಳಹೊಕ್ಕು ತಲುಪಬೇಕಾದ ಸ್ಥಳವನ್ನು ತಲುಪುವುದರೊಳಗೆ, ಕಿಣ್ವಗಳು ಅದನ್ನು ಸೆರಮೈಡ್ ಮೊದಲಾದ ಬೇರೆ ಲಿಪಿಡ್‌ಗಳಾಗಿ ಮಾರ್ಪಡಿಸಿಬಿಡುತ್ತವೆ. ಕಂಡ ಪರಿಣಾಮ ಯಾವುದರದೆಂದು ಹೇಳುವವರಾರು?

ರಾಜನೀತಿ ಬಲ್ಲ ನಮ್ಮ ಪೂರ್ವಿಕರು, ಚಾರನಾದವನು ತಾನು ಹೊಕ್ಕ ಜನದ ವೇಷಭಾಷೆಗಳನ್ನೇ ತಾಳಿರಬೇಕೆಂದು ವಿಧಿಸಿದ್ದರು. ಹೈಡೆಲ್‌ಬರ್ಗಿನ ಯೂರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕಾರ್ಸ್ಟನ್ ಶುಲ್ಟ್ಸ್, ಡೋರಿಸ್ ಹೋಗ್ಲಿಂಗರ್ ಮತ್ತು ಸಂಗಡಿಗರು ರಚಿಸಿ 2017ರಲ್ಲಿ ವರ್ಣಿಸಿದ ಶೋಧಕಾಣುವು ಈ ನೀತಿಗೆ ಒಪ್ಪುವಂತಹುದು. ಅದು ಬಹುಪಾಲು ಸ್ಫಿಂಗೋಸೀನೇ. ಅದರಲ್ಲಿ ಮೂರು ಸಣ್ಣ ಮಾರ್ಪಾಡುಗಳುಂಟು. ಮೊದಲನೆಯದು ತಲೆಗೆ ತೊಡಿಸಿದ ಕೌಮರಿನ್ ಎಂಬ ಬೀಗ: ಅದಿರುವವರೆಗೂ ಅಣುವು ಕೋಶದೊಳಗೆ ಮೌನವಾಗಿರುವುದು, ನೇರಿಳೆ ಬೆಳಕು ಬಿದ್ದೊಡನೆ ಬೀಗವು ಕಳಚಿ, ವಿಜ್ಞಾನಿಯು ಬಯಸಿದ ಕ್ಷಣದಲ್ಲಿಯೇ ಅದು ತನ್ನ ಕಾರ್ಯಕ್ಕೆ ತೊಡಗುವುದು. ಎರಡನೆಯದು ಬಾಲದ ಮಧ್ಯದಲ್ಲಿ ಒಂದು ಇಂಗಾಲ ಮತ್ತು ಎರಡು ಸಾರಜನಕ ಪರಮಾಣುಗಳಿಂದಾದ ಕಿರುಬಳೆ: ಇನ್ನೂ ಕಿರಿದಾದ ಅಲೆಯುದ್ದದ ಅತಿನೇರಿಳೆ ಬೆಳಕಿಗೆ ಅದು ಸಾರಜನಕವನ್ನು ಚೆಲ್ಲಿ, ಆ ಕ್ಷಣದಲ್ಲಿ ತನಗೆ ತಗುಲಿಕೊಂಡಿರುವ ಪ್ರೋಟೀನಿನ ಕೈಯನ್ನು ಬಿಡದಂತೆ ಹಿಡಿದುಬಿಡುವುದು. ಮೂರನೆಯದು ಬಾಲದ ತುದಿಯಲ್ಲಿರುವ ಮುಬ್ಬಂಧದ ಇಂಗಾಲಜೋಡಿ: ಇದು ಕೊಂಡಿಯಂತೆ ಕಾದಿದ್ದು, ಪ್ರಯೋಗದ ಕೊನೆಯಲ್ಲಿ ಹೊಳೆಯುವ ಬಣ್ಣವನ್ನು ಕೂಡಿಸಿಕೊಳ್ಳುವುದು. ಕೊಂಡಿಗೆ ಬಣ್ಣ ಕೂಡಿಸುವ ಈ ಕ್ಲಿಕ್ ರಸಾಯನಕ್ಕಾಗಿಯೇ ಶಾರ್ಪ್‌ಲೆಸ್, ಮೆಲ್ಡಾಲ್, ಬರ್ಟೋಜಿ ಇವರಿಗೆ 2022ರ ನೊಬೆಲ್ ಪಾರಿತೋಷಕ ದೊರೆತುದು.

ಹೀಗೆ ಒಂದೇ ಅಣುವಿನಿಂದ ಮೂರು ಪ್ರಶ್ನೆಗಳನ್ನು ಕೇಳಬಹುದು: ಏನು ಮಾಡುವೆ, ಯಾರೊಡನೆ ಬೆರೆಯುವೆ, ಎಲ್ಲಿರುವೆ? ಮೊದಲನೆಯ ಪ್ರಶ್ನೆಗೆ ಉತ್ತರ, ಬೀಗವೊಂದನ್ನೇ ತೊಟ್ಟ ಸ್ಫಿಂಗೋಸೀನಿನಿಂದ, 2015ರಲ್ಲಿಯೇ ಬಂದಿತ್ತು. ಬೆಳಕಿನಿಂದ ಬೀಗ ತೆರೆದೊಡನೆ ಜೀವಕೋಶದಲ್ಲಿ ಕ್ಯಾಲ್ಸಿಯಮಿನ ಅಲೆಯೆದ್ದಿತು. ಅದು ಹೊರಟುದು ಕೋಶದ ಕಸವನ್ನು ಜೀರ್ಣಿಸುವ ಆಮ್ಲೀಯ ಕೋಶಿಕೆಗಳಾದ ಲೈಸೋಸೋಮ್‌ಗಳಿಂದ.

ಈ ಸಂಗತಿಯು ನೀಮನ್-ಪಿಕ್ ಸಿ ಎಂಬ ವಿರಳವಾದ, ಬಹುವೇಳೆ ಎಳೆಯರ ನರಮಂಡಲವನ್ನು ಕ್ಷೀಣಿಸುವ ವಂಶಪಾರಂಪರ್ಯ ವ್ಯಾಧಿಯನ್ನು ಅರಿಯಲು ನೆರವಾಯಿತು. ಆ ರೋಗಿಗಳ ಲೈಸೋಸೋಮ್‌ಗಳಲ್ಲಿ ಸ್ಫಿಂಗೋಸೀನು ಸಂಚಯವಾಗಿರುತ್ತದೆ. ಅವರಿಂದ ಪಡೆದ ಕೋಶಗಳಲ್ಲಿ ಬೀಗ ತೆರೆದಾಗ ಕ್ಯಾಲ್ಸಿಯಮಿನ ಅಲೆಯು ಕುಗ್ಗಿತ್ತು. ಮುಂದೆ ಮೂರು ಅಂಗಗಳ ಶೋಧಕವನ್ನು ಅದೇ ಬಗೆಯ ಕೋಶಗಳೊಳಗೆ ಕಳುಹಿಸಿದಾಗ, ಅದು ಲೈಸೋಸೋಮ್‌ಗಳಲ್ಲಿಯೇ ಸಿಕ್ಕಿಬಿದ್ದುದನ್ನು ಸೂಕ್ಷ್ಮದರ್ಶಕವು ತೋರಿತು. ರೋಗದಲ್ಲಿ ಕೆಟ್ಟಿರುವ ಎನ್‌ಪಿಸಿ1 ಎಂಬ ಪ್ರೋಟೀನಿಗೂ ಸ್ಫಿಂಗೋಸೀನಿನ ನಿರ್ಗಮನಕ್ಕೂ ಸಂಬಂಧವುಂಟೆಂಬುದಕ್ಕೆ ಇದು ಪ್ರತ್ಯಕ್ಷ ಸಾಕ್ಷಿಯಾಯಿತು. ಜಿನೀವದ ವಿಜ್ಞಾನಿಗಳು 2018ರಲ್ಲಿ ಬೀಗದ ಅಣುವನ್ನು ಕೋಶದ ಇನ್ನೊಂದು ಅಂಗವಾದ ಮೈಟೊಕಾಂಡ್ರಿಯದಲ್ಲಿಯೇ ನಿಲ್ಲುವಂತೆ ರಚಿಸಿ, ಅಲ್ಲಿ ಬಿಡುಗಡೆಯಾದ ಸ್ಫಿಂಗೋಸೀನಿನ ಮುಂದಿನ ಗತಿ ಬೇರೆಯದಾಗುವುದನ್ನು ಕಂಡರು. ಒಂದೇ ಮಾತು ಊರ ಚಾವಡಿಯಲ್ಲಿ ಒಂದರ್ಥವನ್ನೂ ಒಳಮನೆಯಲ್ಲಿ ಮತ್ತೊಂದರ್ಥವನ್ನೂ ಕೊಡುವಂತೆ, ಲಿಪಿಡ್ಡಿನ ಸಂದೇಶವೂ ಸ್ಥಾನವನ್ನವಲಂಬಿಸಿರುವುದು.

ವಿಧಾನಕ್ಕೆ ಮಿತಿಗಳೂ ಉಂಟೆಂಬುದನ್ನು ಮರೆಯಲಾಗದು. ಶೋಧಕಾಣುವು ನಿಜದ ಲಿಪಿಡ್ಡಿಗೆ ಅತ್ಯಂತ ಸಮೀಪದ್ದಾದರೂ ಅದೇ ಅಲ್ಲ. ಕಿಣ್ವಗಳು ಅದನ್ನೂ ಜೀರ್ಣಿಸಿ ಗುರುತನ್ನು ಬೇರೆ ಲಿಪಿಡ್‌ಗಳಿಗೆ ದಾಟಿಸಬಲ್ಲವಾದ್ದರಿಂದ, ಹೈಡೆಲ್‌ಬರ್ಗಿನ ಸಂಶೋಧಕರು ಸ್ಫಿಂಗೋಸೀನನ್ನು ಒಡೆಯುವ ಹಾದಿಯ ಮುಖ್ಯ ಕಿಣ್ವವೊಂದಿಲ್ಲದ ಕೋಶಗಳನ್ನು ಬಳಸಬೇಕಾಯಿತು. ಅತಿಬೆಳಕು ಕೋಶಕ್ಕೆ ಹಾನಿಕರ. ಬಣ್ಣವನ್ನು ಕೂಡಿಸಲು ಬಳಸುವ ತಾಮ್ರವು ವಿಷಕಾರಿಯಾದುದರಿಂದ, ಆ ಕೊನೆಯ ಹೆಜ್ಜೆಯನ್ನಿಡುವ ಮುನ್ನ ಕೋಶದ ಜೀವನವನ್ನು ನಿಲ್ಲಿಸಬೇಕಾಗುತ್ತದೆ.

ಆದರೂ ಈ ಮಿತಿಗಳನ್ನು ಬಲ್ಲವನಿಗೇ ಈ ಸಾಧನೆಯ ಬೆಲೆ ಚೆನ್ನಾಗಿ ತಿಳಿಯುವುದು. ಥುಡಿಕಮನು ಸ್ಫಿಂಗೋಸೀನನ್ನು ಕಂಡುದು ಸತ್ತ ಮೆದುಳನ್ನು ಕರಗಿಸಿ ಕುದಿಸಿ. ಆ ವಸ್ತುವು ಅವನಿಗೆ ಹಾಗೆ ದೊರೆತರೂ, ಅದರ ಕಾರ್ಯ ದೊರೆಯುವಂತಿರಲಿಲ್ಲ. ಜೀವಂತ ಕೋಶವನ್ನು ಒಡೆಯದೆ, ಅದಕ್ಕೆ ಪರಿಚಿತವಾದ ಅಣುವನ್ನೇ ಅತ್ಯಲ್ಪವಾಗಿ ಮಾರ್ಪಡಿಸಿ ಪ್ರಶ್ನೆ ಕೇಳಿದುದರಿಂದಲೇ 131 ವರ್ಷಗಳ ಬಳಿಕ ಆ ಒಗಟಿನ ಒಂದು ಪಾದಕ್ಕೆ ಉತ್ತರ ಬಂದಿತು. ಉಳಿದ ಪಾದಗಳಿನ್ನೂ ಕಾದಿವೆ. ರಸಾಯನವನ್ನು ಓದುತ್ತಿರುವ ತರುಣರು ಅವುಗಳತ್ತ ಮನಸ್ಸು ಹರಿಸಲಿ.