ಕ್ಷೀಣ ಸಂಕೇತಗಳೂ ಧ್ವನಿಶೋಧಕವೂ

ಪಶ್ಚಿಮದಲ್ಲಿ ಅಡೆತಡೆಯಿಲ್ಲದ ಸಮುದ್ರ, ಪೂರ್ವದಲ್ಲಿ ಕೊಡಚಾದ್ರಿಯನ್ನೊಳಗೊಂಡ ಸಹ್ಯಾದ್ರಿಯ ಶ್ರೇಣಿ, ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಗಳು ಹಬ್ಬಿಕೊಂಡಿರುವುದರಿಂದ, ಇಲ್ಲಿ ಆಂಟೆನಾ ಕಟ್ಟಿ ಕುಳಿತ ಹವ್ಯಾಸಿ ರೇಡಿಯೋಗಾರನಿಗೆ ಕಡಲಾಚೆಯ ದೂರದ ನಿಲಯಗಳನ್ನು ಆಲಿಸುವ ಭಾಗ್ಯವೂ ಉಂಟು, ಘಟ್ಟದ ಮೇಲೆ ಕೂಡುವ ಮೋಡಗಳ ಸಿಡಿಲನ್ನು ಅದರೊಡನೆಯೇ ಕೇಳಬೇಕಾದ ಕಷ್ಟವೂ ಉಂಟು. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳುಗಳ ಸಂಜೆ 7 ಮೆಗಾಹರ್ಟ್ಜ್ ಪಟ್ಟಿಯನ್ನು ತೆರೆದರೆ ಮೊದಲು ಕಿವಿಗೆ ಬೀಳುವುದು ಮನುಷ್ಯರ ಮಾತಲ್ಲ, ಆಕಾಶದ ಚಟಪಟ ಸದ್ದು. ಸಾಲದುದಕ್ಕೆ, ಕಡಲಗಾಳಿ ತಂದ ಉಪ್ಪು ವಿದ್ಯುತ್ ಕಂಬಗಳ ಪಿಂಗಾಣಿಯ ಮೇಲೆ ಕುಳಿತು ಇಬ್ಬನಿಯಿಂದ ತೇವಗೊಂಡಾಗ ಅಲ್ಲಿ ಸಣ್ಣ ಕಿಡಿಗಳು ಹುಟ್ಟಿ, ನಮ್ಮ ವಿದ್ಯುತ್ತಿನ 50 ಹರ್ಟ್ಜಿನ ಇಮ್ಮಡಿಯಾಗಿ, ಸೆಕೆಂಡಿಗೆ 100 ಬಾರಿಯ ಝೇಂಕಾರವೊಂದನ್ನು ರಿಸೀವರಿಗೆ ಸೇರಿಸುತ್ತವೆ.

ಇಂತಹ ಗದ್ದಲದಲ್ಲಿ ಹುದುಗಿದ ಕ್ಷೀಣ ಸಂಕೇತವನ್ನು ಹೊರತೆಗೆಯುವ ಉಪಾಯಗಳಲ್ಲಿ ಅತ್ಯಂತ ಸುಲಭವೂ ಅಗ್ಗವೂ ಆದುದು ಧ್ವನಿಶೋಧಕ, ಎಂದರೆ ರಿಸೀವರಿಗೂ ಹೆಡ್‌ಫೋನಿಗೂ ನಡುವೆ ಇಡತಕ್ಕ ಆಡಿಯೋ ಫಿಲ್ಟರ್. ಇದು ಸಂಕೇತಕ್ಕೆ ಏನನ್ನೂ ಕೂಡಿಸುವುದಿಲ್ಲ; ಬೇಡವಾದುದನ್ನು ಕಳೆಯುವುದಷ್ಟೇ ಇದರ ಕೆಲಸ. ಜಾನ್ಸನ್ ಮತ್ತು ನೈಕ್ವಿಸ್ಟರು 1928ರಲ್ಲಿ ತೋರಿಸಿಕೊಟ್ಟಂತೆ ಉಷ್ಣಜನ್ಯ ಗದ್ದಲದ ಶಕ್ತಿ ನಾವು ತೆರೆದಿಟ್ಟ ಆವೃತ್ತಿಪಟ್ಟಿಯ ಅಗಲಕ್ಕೆ ಅನುಗುಣವಾದುದು, ಆಕಾಶದ ನಿರಂತರ ಸುಯ್ಯೆಂಬ ಸದ್ದಿಗೂ ಇದೇ ನಿಯಮ ಬಹುಮಟ್ಟಿಗೆ ಸಲ್ಲುತ್ತದೆ. ಮಾತಿಗೆ ಬೇಕಾದ ಸುಮಾರು 2400 ಹರ್ಟ್ಜ್ ಅಗಲವನ್ನು 240ಕ್ಕೆ ಇಳಿಸಿದರೆ ಗದ್ದಲದ ಶಕ್ತಿ ಹತ್ತನೆಯ ಒಂದು ಪಾಲಾಗುತ್ತದೆ, ಅಂದರೆ 10 ಡೆಸಿಬೆಲ್ ಲಾಭ. ಮಾತನ್ನು ಹೀಗೆ ಸಂಕುಚಿತಗೊಳಿಸಿದರೆ ವ್ಯಂಜನಗಳೆಲ್ಲ ಅಳಿಸಿಹೋಗುವುದರಿಂದ ಈ ಲಾಭ ಪೂರ್ಣವಾಗಿ ದಕ್ಕುವುದು ಒಂದೇ ಸ್ವರದಲ್ಲಿ ನುಡಿಯುವ ಮೋರ್ಸ್ ಸಂಕೇತಕ್ಕೆ ಮಾತ್ರ.

ಹೈದರಾಬಾದಿನ ಅಶ್ಹರ್ ಫರ್ಹಾನರು ರೂಪಿಸಿದ ಬಿಟ್‌ಎಕ್ಸ್ ರೇಡಿಯೋ ಯಂತ್ರವನ್ನು ತಾವೇ ಜೋಡಿಸಿಕೊಂಡ ಹವ್ಯಾಸಿಗಳಿಗೆ ಈ ಶೋಧಕ ವಿಶೇಷವಾಗಿ ಒದಗುತ್ತದೆ. ಅದರ ಸ್ಫಟಿಕ ಶೋಧಕ ಮಾತಿನ ಅಗಲದ್ದು, ಮೋರ್ಸಿಗೆ ಬೇಕಾದ ಕಿರಿಯ ಶೋಧಕ ಅದರಲ್ಲಿಲ್ಲ. ಒಂದು ಆಪ್-ಆಂಪ್ ಚಿಪ್ಪು, ಕೆಲವು ರೆಸಿಸ್ಟರುಗಳು, ತೇವಕ್ಕೂ ಸೆಕೆಗೂ ಬೇಗ ಮೌಲ್ಯ ಬದಲಿಸದ ಪಾಲಿಯೆಸ್ಟರ್ ಕೆಪಾಸಿಟರುಗಳು, ಇಷ್ಟಿದ್ದರೆ 700 ಹರ್ಟ್ಜನ್ನು ಕೇಂದ್ರವಾಗಿ ಉಳ್ಳ, 140 ಹರ್ಟ್ಜ್ ಅಗಲದ ಒಂದು ಹಂತ ಸಿದ್ಧವಾಗುತ್ತದೆ. ಅಂಥವೇ ಎರಡನ್ನು ಸಾಲಾಗಿ ಇಟ್ಟರೆ ಅಗಲ ಸುಮಾರು 90ಕ್ಕೆ ಇಳಿಯುತ್ತದೆ.

ಇಲ್ಲಿಗೆ ನಿಲ್ಲಿಸುವುದು ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಶೋಧಕ ಕಿರಿದಾದಷ್ಟೂ ಅದು ದೇವಸ್ಥಾನದ ಗಂಟೆಯಂತೆ, ಹೊಡೆತ ನಿಂತ ಮೇಲೂ ಮೊಳಗುತ್ತಲೇ ಇರುತ್ತದೆ. ನಿಮಿಷಕ್ಕೆ 25 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಕಾಲ 48 ಮಿಲಿಸೆಕೆಂಡು. 15 ಹರ್ಟ್ಜ್ ಅಗಲದ ಶೋಧಕದಲ್ಲಿ ಸ್ವರ ಏರಿ ಇಳಿಯುವುದಕ್ಕೇ ಹೆಚ್ಚುಕಡಿಮೆ ಅಷ್ಟು ಕಾಲ ಬೇಕಾಗುವುದರಿಂದ ಚುಕ್ಕೆಯೂ ಅದರ ಪಕ್ಕದ ತೆರಪೂ ಒಂದರೊಳಗೊಂದು ಕರಗಿಬಿಡುತ್ತವೆ. ಸಿಡಿಲಿನ ಕ್ಷಣಿಕ ಬಡಿತವೂ ಇದೇ ಮೊಳಗಿಗೆ ಸಿಕ್ಕಿ ಉದ್ದವಾಗಿ, ಮೋರ್ಸಿನ ಸ್ವರವನ್ನೇ ಅನುಕರಿಸತೊಡಗುತ್ತದೆ. ಆದುದರಿಂದ ಶೋಧಕಕ್ಕಿಂತ ಮುಂಚೆ, ಎದುರುಬದುರಾಗಿ ಜೋಡಿಸಿದ ಎರಡು ಡಯೋಡುಗಳಿಂದ ಆ ಬಡಿತದ ತಲೆಯನ್ನು ಕತ್ತರಿಸುವುದು ನಮ್ಮ ಕರಾವಳಿಯಲ್ಲಿ ಅತ್ಯವಶ್ಯಕ. ಇನ್ನೂ ಒಂದು ವಿಷಯವುಂಟು. ನಮ್ಮ ಶ್ರವಣೇಂದ್ರಿಯವೇ ಒಂದು ಶೋಧಕವೆಂದು ಹಾರ್ವೆ ಫ್ಲೆಚರ್ ಬಹುಹಿಂದೆಯೇ ತೋರಿಸಿದ್ದಾರೆ. 700 ಹರ್ಟ್ಜಿನ ಆಸುಪಾಸಿನಲ್ಲಿ ಅದರ ಅಗಲ ಸುಮಾರು 100ರಿಂದ 150 ಹರ್ಟ್ಜ್. ಲೆಕ್ಕದ ಡೆಸಿಬೆಲ್ಲುಗಳೆಲ್ಲ ಕೇಳುವವನಿಗೆ ಸಿಕ್ಕದಿರುವುದು ಈ ಕಾರಣದಿಂದಲೇ. ಪಳಗಿದ ಕಿವಿಗೆ ಶೋಧಕದಿಂದ ಆಗುವ ದೊಡ್ಡ ಉಪಕಾರವೆಂದರೆ ದಣಿವು ತಗ್ಗುವುದು ಮತ್ತು ಪಕ್ಕದ ನಿಲಯದ ಕಿರುಚಾಟ ಅಡಗುವುದು.

ಆ ಪಕ್ಕದ ನಿಲಯ ಬಲವಾದುದಾಗಿದ್ದರೆ ಮಾತ್ರ ಕಷ್ಟ. ರಿಸೀವರಿನ ಸ್ವಯಂಚಾಲಿತ ಗೇನ್ ನಿಯಂತ್ರಣವು ಅದನ್ನೇ ನೋಡಿ ಎಲ್ಲವನ್ನೂ ಕುಗ್ಗಿಸುವುದರಿಂದ, ಕಟ್ಟಕಡೆಯಲ್ಲಿ ಕುಳಿತ ಧ್ವನಿಶೋಧಕ ಅದನ್ನು ಸರಿಪಡಿಸಲಾರದು. ಆ ನಿಯಂತ್ರಣವನ್ನು ನಿಲ್ಲಿಸಿ, ಆರ್‌ಎಫ್ ಗೇನನ್ನು ಕೈಯಿಂದಲೇ ತಗ್ಗಿಸಿ, ಆಡಿಯೋವನ್ನು ಏರಿಸಿಕೊಳ್ಳಬೇಕು. ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಜ್ ಮಧ್ಯಮತರಂಗ ಪ್ರೇಷಕ ಬ್ರಹ್ಮಾವರದಲ್ಲಿ ನೆಲೆಗೊಂಡದ್ದು. ಅಂತಹ ಪ್ರಬಲ ತರಂಗ ಸನಿಹದ ಸರಳ ರಿಸೀವರಿನ ಮೊದಲ ಹಂತದಲ್ಲಿಯೇ ಕಲಬೆರಕೆಗೊಂಡರೆ, ಪರಿಹಾರವಿರುವುದು ಆಂಟೆನಾದ ಬುಡದಲ್ಲಿ, ಮಧ್ಯಮತರಂಗಗಳನ್ನು ತಡೆದು ಮೇಲಿನವನ್ನು ಮಾತ್ರ ಬಿಡುವ ಇನ್ನೊಂದು ಶೋಧಕದಲ್ಲಿ.

ಕಿವಿಯ ಬದಲು ಗಣಕವೇ ಆಲಿಸುವಾಗ ಮಾತ್ರ ಈ ಧ್ವನಿಶೋಧಕ ಸಲ್ಲದು. ಸ್ಟೀವ್ ಫ್ರಾಂಕ್ ಮತ್ತು ನೊಬೆಲ್ ಪುರಸ್ಕೃತ ಜೋ ಟೇಲರರು 2017ರಲ್ಲಿ ಹೊರತಂದ ಎಫ್‌ಟಿ8 ವಿಧಾನವು, 6.25 ಹರ್ಟ್ಜ್ ಅಂತರದ ಎಂಟು ಸ್ವರಗಳನ್ನು ಗಣಕಯಂತ್ರದಿಂದ ಬಿಡಿಸಿ, 2500 ಹರ್ಟ್ಜಿನೊಳಗಿನ ಗದ್ದಲಕ್ಕಿಂತ ಸುಮಾರು 20 ಡೆಸಿಬೆಲ್ ಕೆಳಗಿರುವ ಸಂಕೇತವನ್ನೂ ಓದುತ್ತದೆ. ಆದರೆ ಅದು ಪಟ್ಟಿಯೊಳಗಿನ ಹತ್ತಾರು ನಿಲಯಗಳನ್ನು ಏಕಕಾಲಕ್ಕೆ ಆಲಿಸುವುದರಿಂದ, ಗಣಕದ ಮುಂದೆ ಕುಳಿತಾಗ ಮೇಲೆ ಹೇಳಿದ 90 ಹರ್ಟ್ಜಿನ ಶೋಧಕವನ್ನು ಕಳಚಿಟ್ಟು, ರಿಸೀವರನ್ನು ಅದರ ಪೂರ್ಣ ಅಗಲಕ್ಕೆ ತೆರೆದಿಡತಕ್ಕದ್ದು.