ಸೌದೆಯ ರಸವೂ ಜೋಡಿ ಲೋಹಗಳೂ



ರಾಜಾಜಿನಗರದಿಂದ ಕೆಂಗೇರಿಯವರೆಗೆ ಬೀದಿಯ ಬದಿಗಳಲ್ಲಿ ರಾಶಿಬಿದ್ದಿರುವ ಎಳನೀರಿನ ಬುರುಡೆಗಳನ್ನೂ ಉದುರಿದ ತರಗೆಲೆಗಳನ್ನೂ ನಾವೆಲ್ಲರೂ ಕಂಡಿರುವೆವು. ಇವುಗಳಿಂದ ಮೋಟಾರು ಓಡಿಸುವ ಎಣ್ಣೆಯನ್ನು ತೆಗೆಯಬಹುದೆಂದರೆ ಕೆಲವರಿಗೆ ನಗು ಬಂದೀತು. ಆದರೆ ಈ ವಿಷಯವು ನಗತಕ್ಕುದಲ್ಲ. ನಮ್ಮ ನಾಡಿಗೆ ಅಪರಿಚಿತವೂ ಅಲ್ಲ.

1923ರಲ್ಲಿ ಭದ್ರಾವತಿಯಲ್ಲಿ ಕೆಲಸವನ್ನಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಅದಿರನ್ನು ಕರಗಿಸಲು ಸೌದೆಯ ಇದ್ದಲನ್ನೇ ಉಪಯೋಗಿಸುತ್ತಿದ್ದರು. ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಅದರಿಂದ ಹೊರಟ ಹೊಗೆಯನ್ನು ತಣಿಸಿ, ಮರದ ಮದ್ಯಸಾರ, ಟಾರು ಮೊದಲಾದ ಪದಾರ್ಥಗಳನ್ನು ಸಂಗ್ರಹಿಸುತ್ತಿದ್ದರು. ಅಲ್ಲಿ ಇದ್ದಲೇ ಮುಖ್ಯ, ರಸವು ಉಪೋತ್ಪನ್ನ. ಇಂದಿನ ವಿಜ್ಞಾನಿಗಳಾದರೋ ರಸವನ್ನೇ ಮುಖ್ಯವಾಗಿ ಬಯಸುತ್ತಾರೆ.

ಅದಕ್ಕಾಗಿ ಅವರು ಮರದ ಹೊಟ್ಟು, ಕಬ್ಬಿನ ಸಿಪ್ಪೆ, ತೆಂಗಿನ ಚಿಪ್ಪು ಇಂತಹವುಗಳನ್ನು ಒಣಗಿಸಿ, ಪುಡಿಮಾಡಿ, ಗಾಳಿಯಿಲ್ಲದೆಡೆಯಲ್ಲಿ ಸುಮಾರು 500 ಡಿಗ್ರಿ ಸೆಂಟಿಗ್ರೇಡಿಗೆ ಕ್ಷಿಪ್ರವಾಗಿ ಕಾಯಿಸುತ್ತಾರೆ. ಹೊರಟ ಆವಿಯನ್ನು ಒಂದೆರಡು ಸೆಕೆಂಡುಗಳೊಳಗೆ ತಣಿಸಿದರೆ, ಒಳ್ಳೆಯ ಸೌದೆಯ ನೂರು ತೂಕಕ್ಕೆ 60ರಿಂದ 70 ತೂಕದಷ್ಟು ಕಪ್ಪುಗಂದು ಬಣ್ಣದ ದ್ರವವು ದೊರೆಯುವುದು. ಇದಕ್ಕೆ ಜೈವಿಕ ತೈಲವೆಂದು ಹೆಸರು.

ಹೆಸರು ತೈಲವಾದರೂ ಗುಣವು ತೈಲದ್ದಲ್ಲ. ಇದರಲ್ಲಿ ನೂರಕ್ಕೆ 15ರಿಂದ 30 ಭಾಗ ನೀರಿರುತ್ತದೆ. ವಿನಿಗರಿನಂತೆ ಹುಳಿಯಾದುದರಿಂದ ಕಬ್ಬಿಣವನ್ನು ತಿನ್ನುತ್ತದೆ. ಇಟ್ಟಲ್ಲಿಯೇ ಗಟ್ಟಿಯಾಗುತ್ತ ಹೋಗುತ್ತದೆ. ಪೆಟ್ರೋಲಿಯಂ ಎಣ್ಣೆಗಳೊಡನೆ ಬೆರೆಯದು. ಅವುಗಳು ಕೊಡುವ ಶಾಖದಲ್ಲಿ ಅರ್ಧದಷ್ಟನ್ನೂ ಕೊಡದು. ಈ ದೋಷಗಳಿಗೆಲ್ಲ ಮುಖ್ಯ ಕಾರಣವು ಅದರೊಳಗೆ ಅಡಗಿರುವ ಆಮ್ಲಜನಕವೇ. ಅದನ್ನು ತೆಗೆದುಹಾಕುವುದು ಹೇಗೆ?

ಅಡಿಗೆಮನೆಯ ವನಸ್ಪತಿಯನ್ನು ಸ್ಮರಿಸಿರಿ. ನಿಕ್ಕಲ್ ಲೋಹದ ಪುಡಿಯ ಸಾನ್ನಿಧ್ಯದಲ್ಲಿ ಎಣ್ಣೆಗೆ ಜಲಜನಕವನ್ನು ಸೇರಿಸಿ ಅದನ್ನು ಗಟ್ಟಿಯಾಗಿಸುತ್ತಾರೆ. ನಿಕ್ಕಲ್ ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುತ್ತದೆ; ಇಂತಹ ವಸ್ತುವೇ ಕ್ರಿಯಾವರ್ಧಕ. ಜೈವಿಕ ತೈಲದಲ್ಲಿಯೂ ಜಲಜನಕವು ಆಮ್ಲಜನಕದೊಡನೆ ಕೂಡಿ ನೀರಾಗಿ ಹೊರಬರಬೇಕು. ಆದರೆ ಇಲ್ಲಿ ನಿಕ್ಕಲ್ ಒಂದನ್ನೇ ಬಿಟ್ಟರೆ ಅದು ಅತಿಯಾಗಿ ವರ್ತಿಸಿ, ಬೇಡದೆಡೆಯಲ್ಲಿಯೂ ಜಲಜನಕವನ್ನು ಸೇರಿಸಿ, ಇಂಗಾಲದ ಸರಪಳಿಗಳನ್ನೇ ಮುರಿದು ಅನಿಲವನ್ನಾಗಿ ಮಾಡಿಬಿಡುತ್ತದೆ.

ಆದುದರಿಂದ ಅದಕ್ಕೆ ಕಬ್ಬಿಣವನ್ನು ಜೊತೆಗೂಡಿಸುತ್ತಾರೆ. ಕಬ್ಬಿಣಕ್ಕೆ ಆಮ್ಲಜನಕದಲ್ಲಿರುವ ಒಲವನ್ನು ತುಕ್ಕು ಹಿಡಿದ ಮೊಳೆಯೇ ಸಾರುತ್ತದೆ. ಕಬ್ಬಿಣವು ಆಮ್ಲಜನಕವನ್ನು ಹಿಡಿದೆಳೆಯುತ್ತದೆ. ನಿಕ್ಕಲ್ ಜಲಜನಕವನ್ನು ಸೀಳಿ ಒದಗಿಸುತ್ತದೆ. ಒಗೆದ ಜಮಖಾನೆಯ ಎರಡು ತುದಿಗಳನ್ನು ಇಬ್ಬರು ಹಿಡಿದು ಹಿಂಡಿದರೆ ನೀರಿಳಿಯುವಂತೆ, ಈ ಎರಡು ಲೋಹಗಳು ಕೂಡಿ ಸಾಧಿಸುವುದನ್ನು ಒಂದೇ ಲೋಹವು ಸಾಧಿಸಲಾರದು. ನಿಕ್ಕಲ್ಲಿನೊಡನೆ ತಾಮ್ರವನ್ನು ಸೇರಿಸಿಯೂ ಪ್ರಯೋಗಗಳು ನಡೆದಿವೆ.

ಆದರೂ ತೊಡಕುಗಳು ಉಳಿದಿವೆ. ಲೋಹದ ಮೇಲೆ ಮಸಿ ಕಟ್ಟಿ ಅದರ ಶಕ್ತಿಯು ಕುಂದುತ್ತದೆ. ಜಲಜನಕವು ಬೆಲೆಯುಳ್ಳದ್ದು, ಅದನ್ನು ಭೂಗರ್ಭದ ಅನಿಲದಿಂದಲೇ ತಯಾರಿಸಿದರೆ ಲಾಭದ ಒಂದು ಭಾಗವು ನಷ್ಟವಾಗುವುದು. ಹಸಿಯಾದ ಎಳನೀರಿನ ಬುರುಡೆಯನ್ನು ಒಣಗಿಸುವುದಕ್ಕೂ ಶಾಖ ಬೇಕು. ಇದಲ್ಲದೆ ಭದ್ರಾವತಿಯ ಕುಲುಮೆಗೆ ಮಲೆನಾಡಿನ ಕಾಡುಗಳು ಸೌದೆಯನ್ನು ತೆತ್ತುದನ್ನು ಮರೆಯಲಾಗದು. ಎಣ್ಣೆಗಾಗಿ ಕಾಡನ್ನು ಕಡಿದರೆ ಈ ವಿದ್ಯೆಯೇ ವ್ಯರ್ಥ. ಎಸೆಯುವ ವಸ್ತುವಿನಿಂದ ತೆಗೆದರೆ ಮಾತ್ರ ಸಾರ್ಥಕ.

ಈ ತೊಡಕುಗಳನ್ನು ಬಿಡಿಸುವ ಕೈಗಳು ನಮ್ಮ ಮನೆಗಳಲ್ಲಿಯೂ ಬೆಳೆಯುತ್ತಿರಬಹುದು. ಮಗಳು ರಸಾಯನಶಾಸ್ತ್ರವನ್ನು ಓದಬೇಕೆಂದು ಕೇಳಿದಾಗ, ಪೋಷಕರೇ, ಅದೇತಕ್ಕೆಂದು ತಡೆಯದಿರಿ.