ಮುಖ್ಯ ಶಿಕ್ಷಕರ ಬೋಧನಾ ನಾಯಕತ್ವ ತರಬೇತಿ: ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ಶಾಲೆಯ ವಿಷಯವು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಮಂಡನೆಯಾದಾಗ ಚರ್ಚೆಯು ಬಹುಪಾಲು ಕೊಠಡಿ, ಶೌಚಾಲಯ, ಆವರಣ ಗೋಡೆ ಹಾಗೂ ಕುಡಿಯುವ ನೀರಿನ ಸುತ್ತಲೇ ನಡೆಯುತ್ತದೆ. ಇವು ಅಗತ್ಯ ಕಾಮಗಾರಿಗಳೇ. ಆದರೆ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸೇರಿರುವುದು ಶಿಕ್ಷಣವೇ ಹೊರತು ಶಾಲಾ ಕಟ್ಟಡವಷ್ಟೇ ಅಲ್ಲ. ಮುಖ್ಯ ಶಿಕ್ಷಕರಿಗೆ ಬೋಧನಾ ನಾಯಕತ್ವದ ತರಬೇತಿಯನ್ನು ಯೋಜಿಸುವಾಗ ಪಂಚಾಯಿತಿಯು ಮಾಡಬೇಕಾದುದನ್ನು ಮತ್ತು ಮಾಡಬಾರದುದನ್ನು ಮಾನ್ಯ ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಪ್ರತಿ ವಿಷಯಕ್ಕೂ ವಿಭಾಗ ಮುಖ್ಯಸ್ಥರಿದ್ದು, ತಮ್ಮ ವಿಷಯದ ಪಾಠ ಹೇಗೆ ಸಾಗಿದೆ ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಗ್ರಾಮದ ಶಾಲೆಯಲ್ಲಿ ಆ ಹೊಣೆ ಮುಖ್ಯ ಶಿಕ್ಷಕರೊಬ್ಬರದೇ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 150ಕ್ಕಿಂತ ಹೆಚ್ಚು, 6ರಿಂದ 8ನೇ ತರಗತಿಯವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಪ್ರತ್ಯೇಕ ಮುಖ್ಯ ಶಿಕ್ಷಕರಿರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಮುಖ್ಯ ಶಿಕ್ಷಕರು ತಾವೂ ಪೂರ್ಣ ಪ್ರಮಾಣದಲ್ಲಿ ತರಗತಿ ತೆಗೆದುಕೊಳ್ಳುತ್ತಾ ಕಚೇರಿಯ ಕೆಲಸವನ್ನೂ ನಿರ್ವಹಿಸುವುದು ಸಾಮಾನ್ಯ. ತರಬೇತಿಯ ಯೋಜನೆಯು ಈ ವಾಸ್ತವದಿಂದ ಹೊರಡದಿದ್ದರೆ ಅದು ಹಾಜರಿ ಪುಸ್ತಕದ ಸಹಿಯಲ್ಲಿಯೇ ಮುಗಿಯುತ್ತದೆ.

ಬೋಧನಾ ನಾಯಕತ್ವ ಎಂದರೇನು ಎಂಬುದಕ್ಕೆ ಒಂದು ಲೆಕ್ಕವನ್ನೇ ನೋಡಬಹುದು. 42ರಲ್ಲಿ 17 ಕಳೆ ಎಂದರೆ ಮೂರನೇ ತರಗತಿಯ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. 2ರಲ್ಲಿ 7 ಹೋಗದು ಎಂದು ಕಂಡಾಗ 7ರಲ್ಲಿ 2 ಕಳೆದು 5 ಎಂದು, ಬಳಿಕ 4ರಲ್ಲಿ 1 ಕಳೆದು 3 ಎಂದು ಬರೆದಿರುತ್ತಾರೆ. ಶಿಕ್ಷಕರು ತಪ್ಪು ಗುರುತು ಹಾಕಿ ಸರಿಯುತ್ತರ 25 ಎಂದು ತಿದ್ದಿದರೂ ಮಗು ನಾಳೆ ಅದೇ ರೀತಿ ಮಾಡುತ್ತದೆ. ಏಕೆಂದರೆ ಒಂದು ಹತ್ತನ್ನು ಹತ್ತು ಬಿಡಿಗಳಾಗಿ ಬಿಡಿಸುವ ಕ್ರಮ ಅದಕ್ಕೆ ತಿಳಿದಿಲ್ಲ. ತರಬೇತಿ ಪಡೆದ ಮುಖ್ಯ ಶಿಕ್ಷಕರು ಹಿಂದಿನ ಸಾಲಿನಲ್ಲಿ ಇಪ್ಪತ್ತು ನಿಮಿಷ ಕುಳಿತು, ನಾಲ್ಕಾರು ಮಕ್ಕಳ ಪುಸ್ತಕ ತಿರುವಿ, ಈ ತಪ್ಪಿನ ಜಾಡನ್ನು ಹಿಡಿಯುತ್ತಾರೆ. ಅಂದೇ ಸಹಶಿಕ್ಷಕರೊಡನೆ ಕುಳಿತು, ಕಡ್ಡಿಯ ಕಟ್ಟುಗಳನ್ನು ಬಿಚ್ಚಿಸಿ ಕಲಿಸುವ ಬಗೆಯನ್ನು ಚರ್ಚಿಸುತ್ತಾರೆ. ಒಂದು ವಾರದ ಬಳಿಕ ಅದೇ ತರಗತಿಗೆ ಮತ್ತೆ ಹೋಗುತ್ತಾರೆ. ಬೋಧನಾ ನಾಯಕತ್ವದ ತಿರುಳು ಇಷ್ಟೇ. ಆದರೆ ಇದು ಭಾಷಣ ಕೇಳಿ ಬರುವ ಕೌಶಲವಲ್ಲ.

ಕಾಂಕ್ರೀಟ್ ಹಾಕಿದ ಮೇಲೆ ಕಬ್ಬಿಣದ ಸರಳುಗಳ ಅಂತರವನ್ನು ಟೇಪು ಹಿಡಿದು ಅಳೆಯಲಾಗದು ಎಂಬುದನ್ನು ಕಾಮಗಾರಿ ಕಂಡ ಸದಸ್ಯರೆಲ್ಲರೂ ಬಲ್ಲರು. ವಾರ್ಷಿಕ ಪರೀಕ್ಷೆಯ ಅಂಕವೂ ಕಾಂಕ್ರೀಟ್ ಗಟ್ಟಿಯಾದ ಮೇಲಿನ ಅಳತೆಯೇ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಶಾಲಾ ಮುಖ್ಯಸ್ಥರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ಇದನ್ನು ಒಂದೇ ವಾರದಲ್ಲಿ ಮುಗಿಸುವುದು ಆಡಳಿತಕ್ಕೆ ಸುಲಭ, ಶಾಲೆಗೆ ನಷ್ಟ: ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಹೊರಟರೆ ಎಲ್ಲ ತರಗತಿಗಳೂ ಇನ್ನೊಬ್ಬರ ಮೇಲೆ ಬೀಳುತ್ತವೆ. ಶಾಲೆ ಪ್ರಾರಂಭವಾಗುವ ಮುನ್ನ ಎರಡು ದಿನಗಳಲ್ಲಿ 12 ಗಂಟೆ, ಉಳಿದ 38 ಗಂಟೆಗಳನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು ನಾಲ್ಕು ಗಂಟೆ ಬರುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯ ಜೊತೆಗೇ ಇದನ್ನು ಹೊಂದಿಸಿ, ಪ್ರತಿ ಬಾರಿ ಬೇರೊಂದು ಶಾಲೆಯಲ್ಲಿ ಸೇರಿ, ಅಲ್ಲಿಯ ಪಾಠವನ್ನು ಒಟ್ಟಾಗಿ ನೋಡಿ ಚರ್ಚಿಸುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖಕನ ಅಭಿಪ್ರಾಯ. ಶನಿವಾರದ ಅಪರಾಹ್ನಕ್ಕೆ ಇಡೋಣ ಎಂಬ ಸಲಹೆ ಸಹಜವಾಗಿ ಬರುತ್ತದೆ. ಆಗ ನೋಡಲು ಪಾಠವೇ ಇರುವುದಿಲ್ಲ. ದೂರದಿಂದ ಬಸ್ಸಿನಲ್ಲಿ ಬರುವ ಶಿಕ್ಷಕಿಯರ ಅನನುಕೂಲವೂ ಇದೆ.

ತರಬೇತಿಯ ವಿಷಯ ಮತ್ತು ಸಂಪನ್ಮೂಲ ವ್ಯಕ್ತಿಗಳನ್ನು ನಿರ್ಧರಿಸುವುದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಾರ್ಯ. ಪಂಚಾಯಿತಿಯು ಕೊಡಬಹುದಾದುದು ಸಮಯ. ಬಿಸಿಯೂಟದ ದಾಸ್ತಾನು, ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ದಾಖಲಾತಿ, ಕೆಟ್ಟ ಮೋಟಾರು, ಸೋರುವ ಛಾವಣಿ ಇವೆಲ್ಲದರ ನಡುವೆ ತರಗತಿ ವೀಕ್ಷಣೆಯ ಇಪ್ಪತ್ತು ನಿಮಿಷವೇ ಮೊದಲು ಬಿಟ್ಟುಹೋಗುವುದು. ದುರಸ್ತಿಯ ಅರ್ಜಿ ಹಿಡಿದು ಮುಖ್ಯ ಶಿಕ್ಷಕರು ಪಂಚಾಯಿತಿ ಕಚೇರಿಗೆ ಅಲೆಯುವ ಬದಲು ನೀರಗಂಟಿ ಅಥವಾ ಬಿಲ್ ಕಲೆಕ್ಟರ್ ವಾರಕ್ಕೊಮ್ಮೆ ಶಾಲೆಗೆ ಹೋಗಿ ದೂರು ಬರೆದುಕೊಂಡು ಬರುವಂತೆ ವ್ಯವಸ್ಥೆ ಮಾಡಬಹುದು. ಪಂಚಾಯಿತಿಯ ಸಭೆ, ಜಾಥಾಗಳಿಗೆ ಶಾಲಾ ವೇಳೆಯಲ್ಲಿ ಅವರನ್ನು ಕರೆಯದಿರಬಹುದು. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳನ್ನು ಹೊರತುಪಡಿಸಿ ಶಿಕ್ಷಕರನ್ನು ಶೈಕ್ಷಣಿಕೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣವೇ ಹೇಳುತ್ತದೆ. ಮಾಸಿಕ ಕೂಟಕ್ಕೆ ಸ್ಥಳದ ಕೊರತೆಯಾದರೆ ಅರಿವು ಕೇಂದ್ರ ಅಥವಾ ಪಂಚಾಯಿತಿ ಸಭಾಂಗಣವನ್ನು ಬಿಟ್ಟುಕೊಡಬಹುದು.

ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಮುಖ್ಯ ಶಿಕ್ಷಕರ ತರಗತಿ ವೀಕ್ಷಣೆಯ ಟಿಪ್ಪಣಿಯನ್ನು ಸದಸ್ಯರು ಕೇಳಬಾರದು, ಗ್ರಾಮ ಸಭೆಯಲ್ಲಿ ಓದಿಸಲೂಬಾರದು. ತನ್ನ ಪಾಠದ ಕೊರತೆ ಊರ ಮುಂದೆ ಬರುತ್ತದೆ ಎಂದು ತಿಳಿದ ಶಿಕ್ಷಕರು ವೀಕ್ಷಣೆಯ ದಿನ ಸಿದ್ಧಪಡಿಸಿಟ್ಟ ಪಾಠವನ್ನಷ್ಟೇ ಮಾಡುತ್ತಾರೆ; 35 ಎಂದು ಬರೆದ ಮಗುವಿನ ಪುಸ್ತಕ ಕಾಣಸಿಗುವುದಿಲ್ಲ. ಕಳೆದ ತಿಂಗಳು ಎಷ್ಟು ತರಗತಿಗಳ ವೀಕ್ಷಣೆ ಸಾಧ್ಯವಾಯಿತು, ಅಡ್ಡಿಯಾದುದೇನು, ಅದರಲ್ಲಿ ಪಂಚಾಯಿತಿಯಿಂದ ನಿವಾರಿಸಬಹುದಾದುದು ಯಾವುದು ಎಂಬ ಮೂರು ಪ್ರಶ್ನೆಗಳು ಸಾಕು.

ಶಿಕ್ಷಣವು ಪಂಚಾಯಿತಿಯ ಸೌಕರ್ಯ ಸಮಿತಿಯ ವ್ಯಾಪ್ತಿಯಲ್ಲಿರುವುದರಿಂದ, ಆ ಸಮಿತಿಯು ವಾರ್ಷಿಕ ಕ್ರಿಯಾ ಯೋಜನೆಗೆ ಮುನ್ನ ತನ್ನ ವ್ಯಾಪ್ತಿಯ ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಹಾಗೂ ಸಿ.ಆರ್.ಪಿ.ಯವರೊಡನೆ ಸಭೆ ನಡೆಸಿ, ಹತ್ತು ಮಾಸಿಕ ಕೂಟಗಳ ದಿನಾಂಕ ಮತ್ತು ಸ್ಥಳವನ್ನು ಗೊತ್ತುಪಡಿಸಿ ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಆ ದಿನಾಂಕಗಳಂದು ಮುಖ್ಯ ಶಿಕ್ಷಕರ ಉಪಸ್ಥಿತಿ ಬೇಕಾಗುವ ಯಾವುದೇ ಸಭೆಯನ್ನು ಪಂಚಾಯಿತಿಯು ನಿಗದಿಪಡಿಸತಕ್ಕದ್ದಲ್ಲ ಎಂಬ ಒಂದು ಸಾಲನ್ನೂ ಅದೇ ನಡವಳಿಯಲ್ಲಿ ಸೇರಿಸಬಹುದು.